ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸಿ

ಹಾಸನದ ಫುಟ್‌ಬಾಲ್ ಅಭಿಮಾನಿಗೆ ತವರಿನ ಪಂದ್ಯ ಅಂತ ಒಂದಿಲ್ಲ. ಚಿಕ್ಕಮಗಳೂರಿನವರ ಪಾಡೂ ಅಷ್ಟೇ. ತೋಟದ ಕಡೆ ಬೇಸಿಗೆಯಲ್ಲಿ ಐದು ಜನರ, ಏಳು ಜನರ ಟೂರ್ನಿಗಳಿವೆ. ಕಾಲೇಜು ಮೈದಾನಗಳಲ್ಲಿ ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯಗಳೂ ನಡೆಯುತ್ತವೆ. ಆದರೆ ತಿಂಗಳುಗಟ್ಟಲೆ ಸಾಗುವ, ಪಾಯಿಂಟ್ಸ್ ಟೇಬಲ್ ಇರುವ, ತಳದಲ್ಲಿ ಉಳಿದವರು ಕೆಳಗಿನ ಡಿವಿಷನ್‌ಗೆ ಜಾರುವ ಲೀಗ್ ನೋಡಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಲೇಬೇಕು. ನಮ್ಮ ಪಾಲಿಗೆ ಎಲ್ಲ ಪಂದ್ಯಗಳೂ ಪರಊರಿನವೇ.

ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯಕ್ಕೆ ಹೋಗುವವರಿಗೆ ಈ ಬರಹ ಬೇಕಿಲ್ಲ. ಅಲ್ಲಿ ಆ್ಯಪ್‌ನಲ್ಲಿ ಟಿಕೆಟ್ ಸಿಗುತ್ತದೆ, ಸಮಯ ಬದಲಾದರೆ ಮೆಸೇಜ್ ಬರುತ್ತದೆ, ಗೇಟಿನಲ್ಲಿ ದಾರಿ ತೋರಿಸಲು ಜನ ಇರುತ್ತಾರೆ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಕೆಳಗಿನ ಮೆಟ್ಟಿಲುಗಳ ಆಟದ ವಿಷಯ: ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಸೂಪರ್ ಡಿವಿಷನ್, ಅದರ ಕೆಳಗಿನ ಡಿವಿಷನ್‌ಗಳು, ಮತ್ತು ಬೆಂಗಳೂರಿನಲ್ಲಿ ನಡೆದಾಗ ರಾಷ್ಟ್ರಮಟ್ಟದ ಐ-ಲೀಗ್‌ನ ಎರಡನೇ, ಮೂರನೇ ಹಂತದ ಪಂದ್ಯಗಳು. ಈ ಮಟ್ಟದಲ್ಲಿ ಪ್ರೇಕ್ಷಕನನ್ನು ಯಾರೂ ಕಾಯುತ್ತಿರುವುದಿಲ್ಲ. ಬಂದರೆ ಸಂತೋಷ, ಬಾರದಿದ್ದರೂ ಕಿಕ್‌ಆಫ್ ಆಗುತ್ತದೆ. ಹಾಗಾಗಿ ಮಾಹಿತಿ, ಊಟ, ನೆರಳು, ವಾಪಸಾತಿ ಎಲ್ಲದರ ಜವಾಬ್ದಾರಿ ನೋಡುವವನ ತಲೆಗೇ ಬೀಳುತ್ತದೆ. ಅದರಲ್ಲೂ ಕೆಡುವುದು ಹೆಚ್ಚಾಗಿ ವಾಪಸಾತಿಯೇ.

ಹೊಸಬರು ಲೆಕ್ಕ ಹಾಕುವುದು ಕಿಕ್‌ಆಫ್‌ನಿಂದ. ಮೂರೂವರೆಗೆ ಪಂದ್ಯ, ಹಾಗಾದರೆ ಹತ್ತೂವರೆಗೆ ಬಸ್ ಹತ್ತಿದರೆ ಸಾಕು ಅಂತ. ಅದನ್ನು ತಿರುಗಿಸಿ. ಮೊದಲು ರಾತ್ರಿ ಎಷ್ಟು ಗಂಟೆಗೆ ಮನೆ ಸೇರಬೇಕು, ಅದಕ್ಕೆ ಯಾವ ಬಸ್ಸು ಅಥವಾ ರೈಲು ಹಿಡಿಯಬೇಕು ಅನ್ನುವುದನ್ನು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ತೊಂಬತ್ತು ನಿಮಿಷದ ಆಟ, ಹದಿನೈದು ನಿಮಿಷದ ವಿರಾಮ, ಎರಡೂ ಅವಧಿಯ ಹೆಚ್ಚುವರಿ ನಿಮಿಷ ಸೇರಿದರೆ ಒಂದು ಗಂಟೆ ಐವತ್ತೈದು ನಿಮಿಷ. ಒಂದೇ ಮೈದಾನದಲ್ಲಿ ದಿನಕ್ಕೆ ಎರಡು ಪಂದ್ಯ ಇದ್ದಾಗ ಮೊದಲನೆಯದು ತಡವಾದರೆ ಎರಡನೆಯದೂ ತಡ. ಅದಕ್ಕೊಂದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಬೇಕು. ಅಂದರೆ ಮೂರೂವರೆಯ ಪಂದ್ಯ ಮುಗಿಸಿ ಗೇಟಿನಿಂದ ಹೊರಬೀಳುವ ಹೊತ್ತಿಗೆ ಐದೂಮುಕ್ಕಾಲು.

ಈಗ ರೈಲಿನ ಮಾತು. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲಿನ ನೇರ ಮಾರ್ಗ 2017ರಲ್ಲಿ ತೆರೆದ ಮೇಲೆ ಹಾಸನದವರಿಗೆ ದೊಡ್ಡ ಅನುಕೂಲವಾಯಿತು. ಬೆಳಿಗ್ಗೆ ಹಾಸನ ಬಿಟ್ಟು ಸಂಜೆ ಯಶವಂತಪುರದಿಂದ ಮರಳುವ ಇಂಟರ್‌ಸಿಟಿ ಕಚೇರಿ ಕೆಲಸಕ್ಕೆ ಹೋಗಿಬರುವವರಿಗೆ ಹೇಳಿ ಮಾಡಿಸಿದ ಗಾಡಿ, ಆದರೆ ಫುಟ್‌ಬಾಲ್‌ಗೆ ಅಲ್ಲ. ಅದು ಯಶವಂತಪುರ ಬಿಡುವುದು ಸಂಜೆ ಆರರ ಆಸುಪಾಸಿನಲ್ಲಿ. ಪಂದ್ಯ ನಡೆಯುವ ಅಶೋಕನಗರದ ಮೈದಾನದಿಂದ ಎಂ.ಜಿ. ರಸ್ತೆ ಮೆಟ್ರೋಗೆ ಇಪ್ಪತ್ತು ನಿಮಿಷದ ನಡಿಗೆ, ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ ಬದಲು, ಯಶವಂತಪುರದಲ್ಲಿ ಇಳಿದು ಪ್ಲಾಟ್‌ಫಾರ್ಮಿಗೆ ಮತ್ತೆ ನಡಿಗೆ: ಒಂದೂಕಾಲು ಗಂಟೆ ಬೇಕೇ ಬೇಕು. ಆದ್ದರಿಂದ ಮಧ್ಯಾಹ್ನ ಒಂದೂವರೆ, ಎರಡರೊಳಗೆ ಶುರುವಾಗುವ ಪಂದ್ಯಕ್ಕೆ ಮಾತ್ರ ಈ ರೈಲನ್ನು ನಂಬಬಹುದು. ಮೂರೂವರೆಯ ಪಂದ್ಯಕ್ಕೆ ರೈಲಿನ ಟಿಕೆಟ್ ಮಾಡಿಸಿದವರು ಅರವತ್ತನೇ ನಿಮಿಷದಿಂದ ಗಡಿಯಾರ ನೋಡುತ್ತಾ ಕೂರುತ್ತಾರೆ, ಎಪ್ಪತ್ತನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಗೋಲು ಬರುವುದು ಎಂಬತ್ತರ ಮೇಲೆ. ಕೆಳ ಡಿವಿಷನ್‌ಗಳಲ್ಲಂತೂ ಕೊನೆಯ ಹದಿನೈದು ನಿಮಿಷದಲ್ಲಿ ಕಾಲು ಸೋತು ಡಿಫೆನ್ಸ್ ಚದುರುವುದು ಮಾಮೂಲು. ಬೆಳಿಗ್ಗೆ ರೈಲು, ರಾತ್ರಿ ಬಸ್ಸು ಅಂತ ಇಟ್ಟುಕೊಳ್ಳುವುದು ಜಾಣತನ.

ಬಸ್ಸಿನಲ್ಲಿ ಹೋಗುವವರು ಒಂದು ವಿಷಯ ತಿಳಿದಿರಬೇಕು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ನಾಲ್ಕು ಗಂಟೆ ಎಂದುಕೊಳ್ಳಿ. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ದಾಟಿ ನೆಲಮಂಗಲದವರೆಗೆ ಗಾಡಿ ಸಲೀಸಾಗಿ ಬರುತ್ತದೆ. ಅಲ್ಲಿಂದ ಮೆಜೆಸ್ಟಿಕ್ ತಲುಪಲು ಎಷ್ಟು ಹೊತ್ತಾಗುತ್ತದೆ ಎಂದು ಡ್ರೈವರ್ ಕೂಡ ಹೇಳಲಾರ. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ತುಮಕೂರು ರಸ್ತೆಯ ಯಾವುದಾದರೂ ಮೆಟ್ರೋ ನಿಲ್ದಾಣದ ಬಳಿ ಇಳಿದು ಅಲ್ಲಿಂದ ಮೆಟ್ರೋ ಹಿಡಿದರೆ ಟ್ರಾಫಿಕ್ಕಿನ ಗೊಡವೆಯೇ ಇಲ್ಲ. ಆದರೆ ಬಸ್ಸು ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟರೆ ನಾಗಸಂದ್ರದಿಂದ ಗೊರಗುಂಟೆಪಾಳ್ಯದವರೆಗೆ ಎಲ್ಲೂ ಇಳಿಯಲಾಗುವುದಿಲ್ಲ. ನೆಲಮಂಗಲ ಬರುವ ಮೊದಲೇ, “ಸಾರ್, ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?” ಅಂತ ಕಂಡಕ್ಟರನ್ನು ಕೇಳಿಡಿ. ಮೇಲೆ ಅಂದರೆ ಗೊರಗುಂಟೆಪಾಳ್ಯ ಅಥವಾ ಯಶವಂತಪುರ.

ಚಿಕ್ಕಮಗಳೂರಿನವರಿಗೆ ದಾರಿ ಎರಡು. ಬೇಲೂರು, ಹಾಸನದ ಮೇಲೆ ಒಂದು. ಕಡೂರು, ಅರಸೀಕೆರೆ, ತುಮಕೂರಿನ ಮೇಲೆ ಇನ್ನೊಂದು. ಯಾವುದರಲ್ಲಿ ಹೋದರೂ ಐದೂವರೆಯಿಂದ ಆರು ಗಂಟೆ ಹಿಡಿಯುತ್ತದೆ. ಕಡೂರಿನವರೆಗೆ 40 ಕಿ.ಮೀ. ರಸ್ತೆಯಲ್ಲಿ ಹೋಗಿ ಅಲ್ಲಿಂದ ಹುಬ್ಬಳ್ಳಿ–ಬೆಂಗಳೂರು ಮಾರ್ಗದ ರೈಲು ಹಿಡಿಯುವುದೂ ಉಂಟು. ಸಂಜೆಯ ಪಂದ್ಯ ನೋಡಿ ಅದೇ ರಾತ್ರಿ ಚಿಕ್ಕಮಗಳೂರು ಸೇರುವುದೆಂದರೆ ನಡುರಾತ್ರಿ ದಾಟಿದ ಮಾತು. ಇಷ್ಟವಿದ್ದರೆ ಮಾಡಿ, ಮಾರನೆಯ ದಿನ ಕೆಲಸ ಇಟ್ಟುಕೊಳ್ಳಬೇಡಿ.

ವಾರಾಂತ್ಯದ ಗದ್ದಲಕ್ಕೆ ನಮ್ಮ ಕಡೆಯವರು ಹೆದರಬೇಕಿಲ್ಲ. ಶುಕ್ರವಾರ ರಾತ್ರಿ, ಶನಿವಾರ ಬೆಳಿಗ್ಗೆ ಬೆಂಗಳೂರೆಲ್ಲ ಸಕಲೇಶಪುರ, ಚಿಕ್ಕಮಗಳೂರು, ಧರ್ಮಸ್ಥಳದ ಕಡೆ ಹೊರಟಿರುತ್ತದೆ. ಭಾನುವಾರ ಸಂಜೆ ಅದೇ ಜನ ವಾಪಸ್ ನುಗ್ಗುತ್ತಾರೆ. ಪಂದ್ಯಕ್ಕೆ ಹೋಗಿಬರುವ ನಾವು ಎರಡೂ ಸಲ ಎದುರು ದಿಕ್ಕಿನಲ್ಲಿರುತ್ತೇವೆ. ಶನಿವಾರ ಬೆಳಿಗ್ಗೆ ಹಾಸನದಿಂದ ಹೊರಡುವ ಬಸ್ಸಿನಲ್ಲಿ ಕಿಟಕಿ ಸೀಟು ಸಿಗುತ್ತದೆ, ಭಾನುವಾರ ಸಂಜೆ ಮೆಜೆಸ್ಟಿಕ್‌ನಿಂದ ಹೊರಡುವಾಗಲೂ ಅಷ್ಟೇ. ತೊಂದರೆ ಆಗುವುದು ಶುಕ್ರವಾರದ ಪಂದ್ಯಕ್ಕೆ ಹೋದಾಗ. ಆಗ ವಾಪಸ್ ಬರುವ ಸೀಟನ್ನು ಮುಂಚೆಯೇ ಕಾಯ್ದಿರಿಸಬೇಕು. ಇನ್ನೊಂದು ಕಾಲ ಹಾಸನಾಂಬೆಯ ದರ್ಶನದ್ದು: ಆಶ್ವೀಜದ ಹುಣ್ಣಿಮೆಯ ನಂತರದ ಮೊದಲ ಗುರುವಾರದಿಂದ ಬಲಿಪಾಡ್ಯಮಿಯ ಆಸುಪಾಸಿನವರೆಗೆ ಹಾಸನದ ಕಡೆಯ ಬಸ್ಸಿಗೆ ಲೆಕ್ಕವೇ ಹತ್ತುವುದಿಲ್ಲ. ಆ ದಿನಗಳಲ್ಲಿ ಯೂಟ್ಯೂಬ್‌ನಲ್ಲಿ ಪಂದ್ಯ ಬರುತ್ತದೆಯೋ ನೋಡಿ ಮನೆಯಲ್ಲೇ ಇದ್ದುಬಿಡುವುದು ವಾಸಿ.

ರಾತ್ರಿ ಹತ್ತರ ಮೇಲೂ ಮೆಜೆಸ್ಟಿಕ್‌ನಿಂದ ಮಂಗಳೂರು, ಪುತ್ತೂರು, ಧರ್ಮಸ್ಥಳದ ಬಸ್ಸುಗಳು ಹಾಸನದ ಮೇಲೆಯೇ ಹೋಗುತ್ತವೆ. ಇದನ್ನು ನಂಬಿ ನಿಧಾನ ಮಾಡುವವರು ಎರಡು ಪ್ರಶ್ನೆ ಕೇಳಲೇಬೇಕು. ಹಾಸನಕ್ಕೆ ಟಿಕೆಟ್ ಕೊಡುತ್ತೀರಾ? ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತೀರಾ, ಬೈಪಾಸಿನಲ್ಲಿ ಇಳಿಸುತ್ತೀರಾ? ದೂರದ ಸ್ಲೀಪರ್ ಬಸ್ಸುಗಳಲ್ಲಿ ಕೆಲವು ಊರೊಳಗೆ ಬರುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಬೈಪಾಸಿನಲ್ಲಿ ಇಳಿದರೆ ಆಟೋ ಸಿಗುವುದು ಅದೃಷ್ಟ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇರುವುದು ಕರ್ನಾಟಕ ಸಾರಿಗೆಯಂಥ ಸಾಮಾನ್ಯ ಬಸ್ಸುಗಳಲ್ಲಿ. ರಾಜಹಂಸ, ಐರಾವತಗಳಲ್ಲಿ ಇಲ್ಲ. ಗುರುತಿನ ಚೀಟಿ ಜೇಬಿನಲ್ಲಿರಲಿ.

ನಾಲ್ಕೈದು ಜನ ಇದ್ದರೆ ಕಾರು. ಹೋಗಿಬರಲು 370 ಕಿ.ಮೀ., ಲೀಟರಿಗೆ ಹದಿನೈದು ಕೊಡುವ ಗಾಡಿಯಾದರೆ 25 ಲೀಟರ್. ಐದು ಜನರಿಗೆ ತಲಾ ಐದು ಲೀಟರ್ ಪೆಟ್ರೋಲು, ಮೇಲೆ ಟೋಲು. ಹತ್ತು–ಹನ್ನೆರಡು ಜನ ಸೇರಿ ಟಿಟಿ (ಟೆಂಪೋ ಟ್ರಾವೆಲರ್) ಮಾಡಿದರೆ ಬಾಡಿಗೆಯವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ಡ್ರೈವರ್ ಬಾಟಾ ಬೇರೆ. ಅದು ಎಷ್ಟೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ರಾತ್ರಿ ಹಾಸನದ ರಸ್ತೆಯಲ್ಲಿ ನಿಂತು ಜಗಳ. ಕಾರನ್ನು ಅಶೋಕನಗರದವರೆಗೆ ಒಯ್ಯಬೇಡಿ. ತುಮಕೂರು ರಸ್ತೆಯಲ್ಲಿ ಪಾರ್ಕಿಂಗ್ ಇರುವ ಮೆಟ್ರೋ ನಿಲ್ದಾಣದಲ್ಲೇ ಬಿಟ್ಟು ಹೋದರೆ ವಾಪಸಾತಿಯಲ್ಲಿ ಒಂದು ಗಂಟೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿ ತಲುಪುವ ಜಾಗ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಅಶೋಕನಗರದಲ್ಲಿ, ಗರುಡಾ ಮಾಲ್ ಹತ್ತಿರ. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ವರ್ಷ, 2013–14ರಲ್ಲಿ, ಐ-ಲೀಗ್ ಗೆದ್ದಾಗ ಅದರ ತವರು ಇದೇ ಮೈದಾನ. ಕಂಠೀರವಕ್ಕೆ ಹೋದದ್ದು ಆಮೇಲೆ. ಸೂಪರ್ ಡಿವಿಷನ್‌ನಲ್ಲಿ ಆಡುತ್ತಿದ್ದ ಎಸ್‌ಸಿ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಒಂದು ಮೆಟ್ಟಿಲು ಮೇಲೇರಿತು, ಮುಂದಿನ ಸೀಸನ್‌ನಲ್ಲೇ ಕೆಳಗಿಳಿಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡದ ಹುಡುಗರನ್ನು ಬೆಳೆಸಿದ್ದೂ ಇದೇ ಲೀಗ್. ಆ ಪಂದ್ಯಕ್ಕೆ ಟಿವಿ ಮುಂದೆ ಕೂಗಿದವರು ಅವರನ್ನು ಹತ್ತು ಮೀಟರ್ ದೂರದಿಂದ ನೋಡಬಹುದಾದ ಜಾಗ ಇದು.

ಯಾರ ಪರ ಕೂಗಬೇಕು ಅನ್ನುವುದು ಹಾಸನದವರಿಗೆ ನಿಜವಾದ ಸಮಸ್ಯೆ. ನಮ್ಮ ಜಿಲ್ಲೆಯ ಹೆಸರಿನ ತಂಡ ಇಲ್ಲ. ಹಲಸೂರು, ಆಸ್ಟಿನ್ ಟೌನ್‌ನವರಿಗೆ ತಾತನ ಕಾಲದಿಂದ ಬಂದ ಕ್ಲಬ್ಬು ಇರುತ್ತದೆ. ಹಲಸೂರಿನ ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ಬೆಂಗಳೂರಿನ ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದವರು. ಆ ನೆನಪು ಈ ಗ್ಯಾಲರಿಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಹೊರಗಿನಿಂದ ಬಂದವರಿಗೆ ಒಂದು ಸಲಹೆ: ತಂಡ ಹುಡುಕುವ ಬದಲು ಆಟಗಾರನನ್ನು ಹುಡುಕಿ. ಸಕಲೇಶಪುರದ ಕಡೆಯವನೋ ಬಾಳೆಹೊನ್ನೂರಿನ ಕಡೆಯವನೋ ಒಬ್ಬ ಹುಡುಗ ಯಾವುದಾದರೂ ತಂಡದ ಬೆಂಚಿನಲ್ಲಿದ್ದರೆ ಆ ತಂಡ ನಮ್ಮದು. ಅವನು ಮುಂದಿನ ವರ್ಷ ಬೇರೆ ಕ್ಲಬ್ಬಿಗೆ ಹೋದರೆ ನಾವೂ ಹೋಗುವುದು. ಬೆಂಗಳೂರಿನವರು ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ, 185 ಕಿ.ಮೀ. ಬಂದವರಿಗೆ ಇಷ್ಟು ಸ್ವಾತಂತ್ರ್ಯ ಇರಬೇಕು. ಸೇನೆಯ ಎಂಇಜಿ, ಎಎಸ್‌ಸಿ ತಂಡಗಳ ಪಂದ್ಯವಿದ್ದರೆ ತಪ್ಪಿಸಬೇಡಿ. ತೊಂಬತ್ತನೇ ನಿಮಿಷದಲ್ಲೂ ಅದೇ ವೇಗದಲ್ಲಿ ಓಡುವ ತಂಡ ಎದುರಾಳಿಯನ್ನು ಹೇಗೆ ಸವೆಸುತ್ತದೆ ಅನ್ನುವುದನ್ನು ಅಲ್ಲಿ ನೋಡಬೇಕು.

ಪಂದ್ಯ ಇದೆಯೋ ಇಲ್ಲವೋ ಎಂಬುದನ್ನು ಮೂರು ಸಲ ನೋಡಿ. ವಾರದ ಮೊದಲು ಬಂದ ಫಿಕ್ಸ್ಚರ್, ಅಂದರೆ ಪಂದ್ಯಗಳ ಪಟ್ಟಿಯನ್ನು ಅಂದಾಜು ಅಂತಲೇ ತಿಳಿಯಿರಿ. ಹಿಂದಿನ ರಾತ್ರಿ ರಾಜ್ಯ ಸಂಸ್ಥೆಯ ಪುಟ ಮತ್ತು ಎರಡೂ ಕ್ಲಬ್‌ಗಳ ಇನ್‌ಸ್ಟಾಗ್ರಾಂ ನೋಡಿ. ಮೂರರಲ್ಲಿ ಎರಡು ಕಡೆ ಸಮಯ ಒಂದೇ ಇದ್ದರೆ ಹೊರಡಬಹುದು. ಬೆಳಿಗ್ಗೆ ಚನ್ನರಾಯಪಟ್ಟಣ ದಾಟುವ ಮೊದಲು ಇನ್ನೊಮ್ಮೆ ನೋಡಿ, ಯಾಕೆಂದರೆ ವಾಪಸ್ ತಿರುಗಲು ಅದು ಸುಲಭದ ಕೊನೆಯ ಜಾಗ. ಪಂದ್ಯ ರದ್ದಾಗುವುದಕ್ಕಿಂತ ಸಮಯ ಹಿಂದುಮುಂದಾಗುವುದೇ ಹೆಚ್ಚು. ನಾಲ್ಕರ ಪಂದ್ಯ ಒಂದೂವರೆಗೆ ಬಂದರೆ ಸಂತೋಷಪಡಿ, ರೈಲು ಸಿಗುತ್ತದೆ; ಆದರೆ ಅದಕ್ಕೆ ಬೆಳಿಗ್ಗೆಯ ಬಸ್ಸು ಬೇಗನೆ ಹತ್ತಿರಬೇಕು. ಅದಕ್ಕೇ ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿನಲ್ಲಿರುವಂತೆ ಹೊರಡುವುದು ಒಳ್ಳೆಯದು.

ಟಿಕೆಟಿನ ಚಿಂತೆ ಸಾಮಾನ್ಯವಾಗಿ ಇರುವುದಿಲ್ಲ, ನೆರಳಿನ ಚಿಂತೆ ಇರುತ್ತದೆ. ಮಧ್ಯಾಹ್ನದ ಪಂದ್ಯಕ್ಕೆ ಪಶ್ಚಿಮದ ಕಡೆ ಕುಳಿತರೆ ಸೂರ್ಯ ಬೆನ್ನಿಗೆ. ಎದುರು ಬದಿಯಲ್ಲಿ ಕುಳಿತರೆ ಎರಡನೇ ಅವಧಿಯಿಡೀ ಕೈ ಹಣೆಗೇ. ಮೋಡದ ದಿನ ಮಾತ್ರ ಇಷ್ಟ ಬಂದಲ್ಲಿ ಕೂರಿ. ಕಾಂಕ್ರೀಟ್ ಮೆಟ್ಟಿಲು ಮೂರು ಗಂಟೆಗೆ ಹಂಚಿನ ಹಾಗೆ ಕಾದಿರುತ್ತದೆ. ಒಂದು ದಪ್ಪ ಟವೆಲ್ ಅಥವಾ ಮಡಚಿದ ಹಳೆಯ ಪೇಪರು ಬೇಕು. ಏಪ್ರಿಲ್–ಮೇನಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಂಜೆಯ ಗುಡುಗುಮಳೆ ಬರುವುದರಿಂದ ಕೊಡೆಗಿಂತ ರೇನ್‌ಕೋಟ್ ವಾಸಿ. ಕೊಡೆ ಬಿಚ್ಚಿದರೆ ಹಿಂದಿನವರ ಬೈಗುಳ ಖಚಿತ. ಮಳೆಯಷ್ಟೇ ಆದರೆ ಆಟ ನಿಲ್ಲಿಸುವುದು ಅಪರೂಪ, ಮಿಂಚು ಶುರುವಾದರೆ ರೆಫರಿ ನಿಲ್ಲಿಸುತ್ತಾರೆ. ಅಲ್ಲಿಗೆ ನಿಮ್ಮ ಬಸ್ಸಿನ ಲೆಕ್ಕಕ್ಕೆ ಇನ್ನೊಂದು ಅರ್ಧ ಗಂಟೆ ಸೇರಿತು.

ಊಟ ಕಟ್ಟಿಕೊಂಡೇ ಹೋಗಿ. ಬೆಳಿಗ್ಗೆ ಆರಕ್ಕೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಎರಡಕ್ಕೆ ಬಿಚ್ಚುವುದು; ಎಂಟು ಗಂಟೆ ತಾಳುವಂಥದ್ದಾಗಬೇಕು. ಪುಳಿಯೋಗರೆ ತಾಳುತ್ತದೆ, ಚಪಾತಿ–ಚಟ್ನಿಪುಡಿ ತಾಳುತ್ತದೆ. ಕಾಯಿ ಚಟ್ನಿ ಕುಣಿಗಲ್ ದಾಟುವಷ್ಟರಲ್ಲಿ ಹುಳಿಯತೊಡಗುತ್ತದೆ, ಮೊಸರನ್ನದ ಮಾತೇ ಬೇಡ. ಅಕ್ಕಿರೊಟ್ಟಿ ಕೆಡುವುದಿಲ್ಲ, ಆದರೆ ಆರಿ ಚರ್ಮದ ಹಾಗಾಗುತ್ತದೆ. ತಲಾ ಒಂದು ಲೀಟರ್ ನೀರು. ಮುಖ್ಯ ಪಂದ್ಯಗಳಿಗೆ ಗೇಟಿನಲ್ಲಿ ಬಾಟಲಿ ತಡೆಯುವುದುಂಟು, ಆದ್ದರಿಂದ ಬೆಲೆಬಾಳುವ ಸ್ಟೀಲ್ ಬಾಟಲಿ ಒಯ್ಯಬೇಡಿ.

ಬಾವುಟ, ಡ್ರಮ್ಮು ಒಯ್ಯುವವರಿಗೂ ನಾಲ್ಕು ಮಾತು. ಆರು ಅಡಿ ಉದ್ದ, ಮೂರು ಅಡಿ ಅಗಲದ ಪಾಲಿಯೆಸ್ಟರ್ ಬಟ್ಟೆ ಒಬ್ಬರೇ ಬೀಸಲು ಸರಿಯಾದ ಅಳತೆ. ಹತ್ತಿ ಬಟ್ಟೆ ನೆನೆದರೆ ಕೈ ಸೋಲುತ್ತದೆ. ಕೋಲಿಗೆ ಒಂದಿಂಚಿನ ಪಿವಿಸಿ ಪೈಪು ಮೂರಡಿಯ ಎರಡು ತುಂಡು, ನಡುವೆ ಒಂದು ಕಪ್ಲಿಂಗ್, ಬ್ಯಾಗಿನಲ್ಲಿ ಹಿಡಿಯುತ್ತದೆ. ಬಿದಿರು, ಕಬ್ಬಿಣ ಅಂದರೆ ಮೆಟ್ರೋದಲ್ಲೇ ತಕರಾರು. ತಮಟೆಯ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಚರ್ಮದ ತಮಟೆ ತಂಪಿಗೆ ಸಡಿಲವಾಗುತ್ತದೆ, ಮತ್ತೆ ಬೆಂಕಿಗೆ ಹಿಡಿದು ಕಾಯಿಸಬೇಕು. ಸ್ಟೇಡಿಯಂನಲ್ಲಿ ಬೆಂಕಿ ಹಾಕುವಂತಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಡ್ರಮ್ ನಾದದಲ್ಲಿ ಅದಕ್ಕೆ ಸಾಟಿಯಲ್ಲ, ಆದರೆ ತೊಂಬತ್ತು ನಿಮಿಷ ಒಂದೇ ಶ್ರುತಿಯಲ್ಲಿ ಇರುತ್ತದೆ. ಬೈಗುಳ ಬೇಡವೇ ಬೇಡ. ಐವತ್ತು ಸಾವಿರ ಜನರ ನಡುವೆ ಕೂಗಿದ್ದು ಗಾಳಿಗೆ ಹೋಗುತ್ತದೆ. ಇನ್ನೂರು ಜನರ ನಡುವೆ ಕೂಗಿದ್ದು ನೇರ ಆ ಹುಡುಗನ ಕಿವಿಗೆ, ಪಕ್ಕದಲ್ಲೇ ಕುಳಿತಿರುವ ಅವನ ತಾಯಿಯ ಕಿವಿಗೂ.

ಈ ಸಣ್ಣ ಸದ್ದೇ ಕೆಳ ಲೀಗ್‌ನ ದೊಡ್ಡ ಲಾಭ. ಗೋಲ್‌ಕೀಪರ್ ತನ್ನ ಡಿಫೆಂಡರುಗಳನ್ನು ಎಲ್ಲಿ ನಿಲ್ಲಿಸುತ್ತಾನೆ, ಹಿಂದಿನಿಂದ ಎದುರಾಳಿ ಬರುತ್ತಿದ್ದಾನೆ ಅಂತ ಯಾರು ಕೂಗಿ ಹೇಳಿದರು, ಯಾರು ಹೇಳಲಿಲ್ಲ, ಎಲ್ಲ ಕೇಳುತ್ತದೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಬರುತ್ತವೆ. ಮಾತು ನಿಂತುಹೋದ ತಂಡ ಇನ್ನೈದು ನಿಮಿಷದಲ್ಲಿ ಗೋಲು ಬಿಟ್ಟುಕೊಡುತ್ತದೆ ಅನ್ನುವುದು ಗ್ಯಾಲರಿಯ ಹಳಬರು ನಂಬುವ ಲೆಕ್ಕ. ಹೆಚ್ಚು ಸಲ ಸರಿಯೇ ಆಗುತ್ತದೆ. ಮೊದಲ ಅವಧಿಯಲ್ಲಿ ಮಧ್ಯದ ಗೆರೆಯ ನೇರಕ್ಕೆ, ಆದಷ್ಟು ಮೇಲೆ ಕುಳಿತು ತಂಡದ ರಚನೆ ನೋಡಿ. ಎರಡನೇ ಅವಧಿಗೆ ಎದ್ದು ಪೆನಾಲ್ಟಿ ಬಾಕ್ಸಿನ ಅಂಚಿನ ನೇರಕ್ಕೆ ಬನ್ನಿ. ಇಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇಲ್ಲ, ಆಫ್‌ಸೈಡ್ ಅನ್ನು ಲೈನ್ಸ್‌ಮನ್ ಬರಿಗಣ್ಣಿನಲ್ಲಿ ಹೇಳಬೇಕು. ಅವರ ಕಣ್ಣಿನ ಸಾಲಿನಲ್ಲೇ ನಾಲ್ಕು ನಿರ್ಧಾರ ನೋಡಿದವರು ಟಿವಿ ಮುಂದೆ ಲೈನ್ಸ್‌ಮನ್‌ಗೆ ಬೈಯುವುದನ್ನು ಕಡಿಮೆ ಮಾಡುತ್ತಾರೆ. 2025ರ ಜುಲೈಯಿಂದ ಬಂದ ನಿಯಮವನ್ನೂ ಹತ್ತಿರದಿಂದ ನೋಡಬಹುದು: ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್, ಕೊನೆಯ 5 ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಿನಲ್ಲಿ ಎಣಿಸುತ್ತಾರೆ.

ಅಂಗಳ ಕೃತಕ ಹುಲ್ಲಿನದು. ಎಳೆಗಳ ನಡುವೆ ತುಂಬಿರುವ ಕಪ್ಪು ರಬ್ಬರ್ ಹರಳು ಚೆಂಡು ಬಿದ್ದಲ್ಲೆಲ್ಲ ಚಿಮ್ಮುವುದು ಕಾಣುತ್ತದೆ. ಬಿಸಿಲಿಗೆ ಇದು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಅಂಗಾಲು ಸುಡುತ್ತದೆ, ಜಾರಿ ಟ್ಯಾಕಲ್ ಮಾಡಿದರೆ ತೊಡೆಯ ಚರ್ಮ ಕೀಳುತ್ತದೆ. ಅದಕ್ಕೇ ಒಂದೂವರೆಯ ಪಂದ್ಯಗಳಲ್ಲಿ ಡಿಫೆಂಡರುಗಳು ಬೀಳಲು ಹಿಂಜರಿಯುವುದು, ವಿಂಗರುಗಳಿಗೆ ಜಾಗ ಸಿಗುವುದು. ನೀರು ಹಾಕಿದ ಮೇಲೆ ಚೆಂಡಿನ ಓಟ ಒಂದು ಗೇರ್ ಹೆಚ್ಚುತ್ತದೆ. ಊರಿನ ಮಣ್ಣಿನ ಮೈದಾನದಲ್ಲಿ ಬೆಳೆದ ಹುಡುಗರು ಮೊದಲ ಹತ್ತು ನಿಮಿಷ ಪಾಸನ್ನು ಉದ್ದ ಮಾಡಿ ಕೆಡಿಸುತ್ತಾರೆ. ನಮ್ಮ ಜಿಲ್ಲೆಯ ಹುಡುಗ ಟ್ರಯಲ್ಸ್‌ಗೆ ಹೋಗುವುದಿದ್ದರೆ ಒಂದು ವಾರ ಮೊದಲೇ ಇಂಥ ಟರ್ಫಿನಲ್ಲಿ ಆಡಿ, ಉದ್ದ ಸ್ಟಡ್ ಬಿಟ್ಟು ಸಣ್ಣ ಸ್ಟಡ್ಡಿನ ಬೂಟು ಅಭ್ಯಾಸ ಮಾಡಿಕೊಳ್ಳಲಿ. ಉದ್ದ ಸ್ಟಡ್ ಟರ್ಫಿನಲ್ಲಿ ಕಚ್ಚಿಕೊಂಡರೆ ಮೊಣಕಾಲು ತಿರುಚುತ್ತದೆ.

ಬೆಂಗಳೂರೇ ಆಗಬೇಕೆಂದಿಲ್ಲ, ಲೀಗ್‌ನ ಹಟ ಬಿಟ್ಟರೆ ಬೇರೆ ದಿಕ್ಕುಗಳೂ ಇವೆ. ಮಂಗಳೂರಿನ ನೆಹರೂ ಮೈದಾನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವ ದೂರ, ಆದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಎರಡೂ ಘಾಟಿಗಳ ಸ್ಥಿತಿ ನೋಡಿಕೊಂಡೇ ಹೊರಡಬೇಕು. ಗುಡ್ಡ ಜರಿದರೆ ಹೋಗುವುದಕ್ಕಿಂತ ಬರುವುದು ಕಷ್ಟ. ಕೊಡಗಿನ ಸುಂಟಿಕೊಪ್ಪದಲ್ಲಿ ಬೇಸಿಗೆಯ ಗೋಲ್ಡ್ ಕಪ್ ಟೂರ್ನಿಗೆ ಊರಿಗೆ ಊರೇ ಮೈದಾನದಲ್ಲಿ ಇರುತ್ತದೆ. ಹಾಸನದಿಂದ ಅರಕಲಗೂಡು, ಕುಶಾಲನಗರದ ಮೇಲೆ ಹೋಗಬೇಕು, ಸಂಜೆಯ ಮೇಲೆ ಆ ಕಡೆ ಬಸ್ಸು ವಿರಳ, ಸ್ವಂತ ಗಾಡಿಯೇ ಸರಿ.

ಒಂದು ಕೆಲಸ ವಾಪಸ್ ಬಸ್ಸಿನಲ್ಲೇ ಮುಗಿಸಿಬಿಡಿ. ಕೆಳ ಡಿವಿಷನ್ ಪಂದ್ಯಗಳ ವಿವರ ಪತ್ರಿಕೆಗಳಲ್ಲಿ ಎರಡು ಸಾಲು ಬಂದರೆ ಹೆಚ್ಚು. ಯಾರು ಎಷ್ಟನೇ ನಿಮಿಷದಲ್ಲಿ ಗೋಲು ಹೊಡೆದರು, ಯಾರು ಬದಲಿಯಾಗಿ ಬಂದರು, ಕಾರ್ಡು ಯಾರಿಗೆ ಬಿತ್ತು ಅನ್ನುವುದನ್ನು ಅಂಗಿಯ ನಂಬರ್ ಸಮೇತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹೆಸರು ಗೊತ್ತಾಗದ ನಂಬರುಗಳನ್ನು ವಿರಾಮದ ಹೊತ್ತಿಗೆ ಬೆಂಚಿನ ಹಿಂದೆ ಹೋಗಿ ಕೇಳಿದರೆ ಮ್ಯಾನೇಜರೇ ಹೇಳುತ್ತಾರೆ. ಕೇಳುವವರು ಕಡಿಮೆ ಇರುವುದರಿಂದ ಖುಷಿಯಿಂದಲೇ ಹೇಳುತ್ತಾರೆ. ಜೊತೆಗೆ ಮುಂದಿನ ಪಂದ್ಯ ನಿಜವಾಗಿ ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನೂ ಅವರ ಬಾಯಿಂದಲೇ ಕೇಳಿಕೊಂಡು ಬನ್ನಿ, ಫಿಕ್ಸ್ಚರಿಗಿಂತ ಅದು ಹೆಚ್ಚು ನಂಬಿಕಸ್ತ.